ಇನ್ನೂರ ಹದಿನೈದರ ಬಾಗಿಲು

ಲಾಲ್‌ಮಿಟ್ಟಿ ಬಸ್ತಿಯ ಗುಡಿಸಲುಗಳಲ್ಲಿ ಬಾಗಿಲಿಗೆ ಬಣ್ಣ ಹೊಡೆಯುವುದಕ್ಕೂ ಒಂದು ರಿವಾಜಿತ್ತು. ದೀಪಾವಳಿ ಬರಲಿ, ಪೊಂಗಲ್ ಬರಲಿ, ಈದ್ ಬರಲಿ, ಯಾರು ಯಾವ ಬಣ್ಣವನ್ನಾದರೂ ಬಳಿದುಕೊಳ್ಳಬಹುದು. ಆದರೆ ಎಡಗಡೆ ಮೇಲಿನ ಮೂಲೆಯಲ್ಲಿ ಸರಕಾರದವರು ಡಾಂಬರಿನಲ್ಲಿ ಬರೆದುಹೋದ ನಂಬರಿನ ಸುತ್ತ ಒಂದು ಗೇಣಿನ ಚೌಕ ಬಿಟ್ಟೇ ಬಳಿಯಬೇಕು. ಹಸಿರಿನ ಮೇಲೆ ನೀಲಿ, ನೀಲಿಯ ಮೇಲೆ ಗುಲಾಬಿ ಎಂದು ಬಣ್ಣ ರೊಟ್ಟಿಯಷ್ಟು ದಪ್ಪಗಾದರೂ ಆ ಚೌಕದಲ್ಲಿ ಮಾತ್ರ ಬರೀ ಮರ, ಅದರ ಮೇಲೆ ಕರಿ ಅಂಕಿ. ಅಂಕಿ ಹೋದರೆ ಮನೆ ಹೋಯಿತೆಂದು ಬಸ್ತಿಯವರೆಲ್ಲ ನಂಬಿದ್ದರು. ಅದೇನು ಸುಳ್ಳು ನಂಬಿಕೆಯಾಗಿರಲಿಲ್ಲ.

ಹೌಸಾಬಾಯಿ ತನ್ನ ಬಾಗಿಲಿನ ಚೌಕವನ್ನು ನಲವತ್ತೆರಡು ವರ್ಷ ಹೀಗೆ ಜೋಪಾನ ಮಾಡಿಕೊಂಡು ಬಂದಳು. ಅದರಲ್ಲಿದ್ದದ್ದು ಬೇರೆಯವರ ನಂಬರು ಎಂದು ತಿಳಿದದ್ದು ಸರಕಾರಿ ಸರ್ವೇಯ ಘೋರ್ಪಡೆ ಮೇಡಂ ಬಂದ ದಿನ.

ಬಸ್ತಿ ಒಡೆದು ಇಪ್ಪತ್ತೆರಡು ಮಾಳಿಗೆಯ ಕಟ್ಟಡ ಎಬ್ಬಿಸುತ್ತಾರೆ, ಹಳಬರಿಗೆಲ್ಲ ಅದರಲ್ಲಿ ಒಂದೊಂದು ಖೋಲಿ ಎಂಬ ಮಾತು ಮುಂಬಯಿಯ ಹವೆಯಲ್ಲಿ ಎಷ್ಟೋ ವರ್ಷದಿಂದ ತೇಲುತ್ತಿತ್ತು. ಈ ಸಲ ಅದು ನಿಜವಾಗಿಯೂ ನೆಲಕ್ಕಿಳಿದಿತ್ತು. ಘೋರ್ಪಡೆ ಮೇಡಂ ಮನೆಮನೆಗೆ ಹೋಗಿ, ನಂಬರು ಬರೆದಾಗ ಸರಕಾರ ಕೊಟ್ಟಿದ್ದ ಹಳೆಯ ಫೋಟೋ ಪಾಸು ನೋಡುವುದು, ಬಾಗಿಲಿನ ನಂಬರು ನೋಡುವುದು, ಎರಡೂ ಕೂಡಿದರೆ ಕೈಯಲ್ಲಿದ್ದ ಯಂತ್ರದಲ್ಲಿ ಒಂದು ಗುರುತು ಹಾಕುವುದು. ಗುರುತು ಬಿದ್ದವರಿಗೆ ಖೋಲಿ. ಬೀಳದವರು ಗಂಟುಮೂಟೆ ಕಟ್ಟಿಕೊಂಡು ಕಣ್ಣಿಗೆ ಕಾಣದ ಹಾಗೆ ಹೋಗಬೇಕು. ಹೌಸಾಬಾಯಿಯ ಮನೆಯಲ್ಲಿ ಅವಳು, ಟೆಂಪೊ ಓಡಿಸುವ ಮಗ ನಾಮದೇವ, ಸೊಸೆ ಶೇವಂತಾ, ಎರಡು ಮೊಮ್ಮಕ್ಕಳು. ಇವರು ಹೋಗುವುದಾದರೂ ಎಲ್ಲಿಗೆ?

ಮೇಡಂ ಪಾಸು ನೋಡಿದಳು, ಬಾಗಿಲು ನೋಡಿದಳು, ಮತ್ತೆ ಪಾಸು ನೋಡಿದಳು.

"ಆಜಿ, ಪಾಸಲ್ಲಿ ಇನ್ನೂರ ಹದಿನೈದು ಅಂತಿದೆ. ನಿಮ್ಮ ಬಾಗಿಲ ಮೇಲೆ ಇನ್ನೂರ ಹದಿನಾಲ್ಕು. ಇನ್ನೂರ ಹದಿನಾಲ್ಕು ಪಕ್ಕದ ಇದ್ರಿಸ್ ಭಾಯಿದು, ಅವರ ಕಾಗದ ಎಲ್ಲ ಸರಿಯಾಗಿದೆ. ಹಾಗಾದ್ರೆ ನಿಮ್ಮ ಮನೆ ಎಲ್ಲಿ?"

"ಇದರಾಗ ನಿಂತೀನಲ್ಲ ತಾಯಿ. ಇದ ನನ್ನ ಮನಿ."

ಮೇಡಂ ಕೆಟ್ಟವಳಲ್ಲ. ಗಲ್ಲಿಯ ಹಳೆಯ ನಕ್ಷೆ ಇದ್ದಿದ್ದರೆ ಬಾಗಿಲಿನ ಗೊಡವೆಯೇ ಬೇಕಿರಲಿಲ್ಲ, ಅದು ಮಹಾಪೂರದ ವರ್ಷ ನೀರು ಕುಡಿದು ಮುದ್ದೆಯಾಯಿತೆಂದು ಬೇಸರದಿಂದಲೇ ಹೇಳಿದಳು. ಆಮೇಲೆ ಪಾಸಿನ ಮೇಲಿನ ಬೆರಳುಗುರಿನಷ್ಟು ಫೋಟೋವನ್ನು ಯಂತ್ರದಲ್ಲಿ ದೊಡ್ಡದು ಮಾಡಿ ತೋರಿಸಿದಳು. ಎಡಕ್ಕೆ ಹೌಸಾಬಾಯಿ, ಇಪ್ಪತ್ತರ ಪ್ರಾಯ, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಬಲಕ್ಕೆ ಈಗಿಲ್ಲದ ಗಂಡ ದಗಡು, ಸಾಲ ಕೊಟ್ಟವನನ್ನು ನೋಡುವ ಹಾಗೆ ಕ್ಯಾಮೆರಾವನ್ನು ದುರುಗುಟ್ಟುತ್ತ. ನಡುವೆ ದಪ್ಪ ಹಲಗೆಯ ಬಾಗಿಲು, ಅದರ ಎದೆಮಟ್ಟದಲ್ಲಿ ಒಂದು ಗುಂಡು ತೂತು, ಮೂಲೆಯಲ್ಲಿ ಇನ್ನೂರ ಹದಿನೈದು.

"ಈ ಬಾಗಿಲು ಎಲ್ಲಿ ಹೋಯ್ತು?" ಎಂದಳು ಮೇಡಂ. "ಮುಂದಿನ ಬುಧವಾರ ಕೊನೇ ಸಲ ಬರ್ತೀನಿ. ಅಷ್ಟರಲ್ಲಿ ಇದನ್ನ ತೋರಿಸಿದ್ರೆ ಗುರುತು ಹಾಕ್ತೀನಿ. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ಆ ಬಾಗಿಲು ಎಲ್ಲಿ ಹೋಯಿತೆಂದು ಹೌಸಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಮಾತಿನ ಜೊತೆಗೆ ಹೋಯಿತೆನ್ನುವುದೂ ಗೊತ್ತಿತ್ತು. ಹದಿನೈದು ವರ್ಷದಿಂದ ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

ದಗಡು ಹಡಗು ಒಡೆಯುವ ಕೆಲಸದಲ್ಲಿದ್ದವನು. ಮದುವೆಯಾದ ವರ್ಷ ಒಂದು ವಿಲಾಯತಿ ಹಡಗು ಒಡೆಯುವಾಗ ಸಾಗುವಾನಿಯ ಈ ಬಾಗಿಲನ್ನು ಕೂಲಿಗಳ ಮುಕಾದಮನ ಕೈಕಾಲು ಹಿಡಿದು ಪಡೆದು, ತಲೆಯ ಮೇಲೆ ಹೊತ್ತು ತಂದಿದ್ದ. ಕಪ್ತಾನನ ಕೋಣೆಯದು ಎಂದು ಗಲ್ಲಿಯವರಿಗೆಲ್ಲ ಹೇಳಿಕೊಂಡು ತಿರುಗಿದ. ಕಪ್ತಾನನ ಕೋಣೆಯದೋ ಕಕ್ಕಸಿನದೋ ಯಾರು ಕಂಡವರು ಎಂದು ಹೌಸಾಬಾಯಿ ಚುಡಾಯಿಸುತ್ತಿದ್ದಳು, ಆದರೆ ಒಳಗೊಳಗೇ ಅವಳಿಗೂ ಜಂಬ. ತಗಡಿನ ಗೋಡೆ, ಪ್ಲಾಸ್ಟಿಕ್ಕಿನ ಮಾಡು, ಅದಕ್ಕೆ ಅಂಥ ಬಾಗಿಲು! ಬೆಳಿಗ್ಗೆ ಆ ಗುಂಡು ತೂತಿನಿಂದ ಬಿಸಿಲು ಒಳಗೆ ಬಿದ್ದು, ಹಿಟ್ಟಿನ ಡಬ್ಬಿಯ ಮೇಲೆ ಸರಿದು, ಅವಳ ಕಾಲ ಹತ್ತಿರ ಬಂದಾಗ ನಲ್ಲಿಗೆ ನೀರು ಬರುವ ಹೊತ್ತು. ಅವಳಿಗೆ ಬೇರೆ ಗಡಿಯಾರ ಬೇಕಾಗಿರಲಿಲ್ಲ.

ಪಕ್ಕದ ಮನೆ ಪೇಚಿಯಮ್ಮಾಳದು. ತಿರುನೆಲ್ವೇಲಿ ಕಡೆಯವಳು, ಇಡ್ಲಿ ಮಾರುತ್ತಿದ್ದಳು, ಮರಾಠಿಯನ್ನು ಹೌಸಾಬಾಯಿಯಿಂದ ಕಲಿತಳು. ಅದಕ್ಕೇ ಅವಳ ಮರಾಠಿಯಲ್ಲಿ ಬೈಗುಳಗಳೇ ಹೆಚ್ಚು. ಅವಳ ಬಾಗಿಲು ಚಹಾ ಪೆಟ್ಟಿಗೆಯ ತೆಳು ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿದ್ದು. ಗಾಳಿ ಬಂದರೆ ಹಲ್ಲು ಕಡಿಯುವಂತೆ ಕಟಕಟ ಎನ್ನುತ್ತಿತ್ತು.

ಆ ಕಾಲದಲ್ಲಿ ಮಳೆಗಾಲಕ್ಕೆ ಮುಂಚೆ ಗುಡಿಸಲು ಒಡೆಯುವ ಮುನ್ಸಿಪಾಲಿಟಿ ಗಾಡಿ ಬರುವುದು ಕೊಡೆ ರಿಪೇರಿಯವನು ಬಂದಷ್ಟೇ ಮಾಮೂಲು. ಗಾಡಿ ಗಲ್ಲಿಯ ಮೂಲೆಗೆ ಬಂತೆಂಬ ಕೂಗು ಕೇಳಿದೊಡನೆ ಬಸ್ತಿಯ ಹೆಂಗಸರು ಪಾತ್ರೆ ಮುಟ್ಟುತ್ತಿರಲಿಲ್ಲ, ಬಟ್ಟೆ ಮುಟ್ಟುತ್ತಿರಲಿಲ್ಲ. ಮೊದಲು ಬಾಗಿಲು. ತಗಡು ಮತ್ತೆ ಸಿಗುತ್ತದೆ, ಬಿದಿರು ಸಿಗುತ್ತದೆ, ಬಾಗಿಲು ಸಿಗುವುದಿಲ್ಲ. ಅದಕ್ಕೆಂದೇ ತಿರುಗಣಿಯ ಕಡ್ಡಿಗಳನ್ನು ಸಡಿಲವಾಗಿ ಇಟ್ಟಿರುತ್ತಿದ್ದರು. ಎರಡು ಕಡ್ಡಿ ಎಳೆದರೆ ಬಾಗಿಲು ಕೈಗೆ. ಒಬ್ಬಳಿಂದ ಹೊರಲಾಗದ್ದರಿಂದ ಗಲ್ಲಿಯಲ್ಲಿ ಇಬ್ಬಿಬ್ಬರ ಜೋಡಿ. ಹೌಸಾ ಮತ್ತು ಪೇಚಿ ಒಂದು ಜೋಡಿ. ಮೊದಲು ಒಬ್ಬಳದು, ಆಮೇಲೆ ಇನ್ನೊಬ್ಬಳದು, ರೈಲು ಹಳಿ ದಾಟಿಸಿ ಆಚೆ ಒಟ್ಟುವುದು. ಮುಂದೆ ಹೌಸಾ, ಹಿಂದೆ ಪೇಚಿ. ಹಿಂದಿನವಳಿಗೆ ಬಾಗಿಲು ಅಡ್ಡವಾಗಿ ಕಾಲಡಿ ಕಾಣುವುದಿಲ್ಲ. ಹೀಗಾಗಿ ಮುಂದಿನವಳು ಕೂಗಬೇಕು: ಕಲ್ಲು. ಗಟಾರು. ಹಳಿ. ಹಿಂದಿನವಳು ಹೂಂ ಎನ್ನಬೇಕು. ಹೂಂ ಬರದಿದ್ದರೆ ನಿಲ್ಲಬೇಕು.

ನಂಬರು ಬರೆದು ವರ್ಷ ತುಂಬುವುದರೊಳಗೆ ಮತ್ತೊಮ್ಮೆ ಗಾಡಿ ಬಂತು. ಪೇಚಿಗೆ ಒಂಬತ್ತು ತಿಂಗಳು ತುಂಬಿತ್ತು. ಬೇಡ ಎಂದರೂ ಕೇಳದೆ ಬಾಗಿಲಿನ ಹಿಂತುದಿ ಎತ್ತಿದಳು. ಅವಳದನ್ನು ದಾಟಿಸಿ, ಹೌಸಾಳದನ್ನು ದಾಟಿಸುವಾಗ ಹಳಿಯ ಹತ್ತಿರ ಹೂಂ ನಿಂತುಹೋಯಿತು. ನಾಲ್ಕು ಇಟ್ಟಿಗೆ ಹುಡುಕಿ, ಹಡಗಿನ ಬಾಗಿಲನ್ನು ಅದರ ಮೇಲಿಟ್ಟು, ಪೇಚಿಯನ್ನು ಮಲಗಿಸಿದರು. ಸುತ್ತ ನಾಲ್ಕು ಹೆಂಗಸರು ಸೀರೆ ಹಿಡಿದು ನಿಂತರು. ಆಚೆ ಬಸ್ತಿ ಉರುಳುವ ಸದ್ದು, ಈಚೆ ಲೋಕಲ್ ರೈಲಿನ ಸದ್ದು, ನಡುವೆ ಹೆಣ್ಣು ಕೂಸಿನ ಅಳು. ಅವಳೇ ಸೆಲ್ವಿ.

ಮಾರನೇ ದಿನ ಮಳೆ ಹಿಡಿಯಿತು. ನೆಲವೆಲ್ಲ ರಾಡಿ. ಬಸ್ತಿ ಮತ್ತೆ ಎದ್ದಿತು, ಏಳದೆ ಏನು ಮಾಡೀತು. ಆದರೆ ಬಾಣಂತಿಯನ್ನು ಹಲಗೆಯಿಂದ ಇಳಿಸಿ ಕೆಸರಿನಲ್ಲಿ ಮಲಗಿಸುವುದು ಹೇಗೆ? ಹೌಸಾ ಬಾಗಿಲು ಪೇಚಿಯ ಅಡಿಯಲ್ಲೇ ಬಿಟ್ಟು, ಪೇಚಿಯ ಚಹಾ ಪೆಟ್ಟಿಗೆಯ ಬಾಗಿಲನ್ನು ತನ್ನ ಚೌಕಟ್ಟಿಗೆ ಸಿಕ್ಕಿಸಿದಳು. ಸದ್ಯಕ್ಕೆ ಇರಲಿ ಎಂದುಕೊಂಡಳು. ನಲವತ್ತು ದಿನ ಕಳೆದ ಮೇಲೆ ದಗಡು ಅದಲುಬದಲು ಮಾಡಲು ಹೊರಟಾಗ ಅವಳೇ ತಡೆದಳು. ಕೂಸು ಹುಟ್ಟಿದ ಹಾಸಿಗೆಯನ್ನು ಯಾರಾದರೂ ವಾಪಸು ಕೇಳುತ್ತಾರೆಯೇ, ಅವಳಿಗೆ ಇಲ್ಲಿ ತವರೆನ್ನಲು ಯಾರಿದ್ದಾರೆ, ಇದೇ ತವರಿನ ಉಡುಗೊರೆ ಎಂದಳು. ದಗಡು ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟ. ಬಾಗಿಲಿನ ಜೊತೆ ನಂಬರೂ ಗೋಡೆ ದಾಟಿತು ಎನ್ನುವುದು ಮಾತ್ರ ಇಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಓದು ಬಾರದವರಿಗೆ ಅಂಕಿಯೂ ಒಂದೇ, ಕಾಡಿಗೆ ಬೊಟ್ಟೂ ಒಂದೇ. ಇರಬೇಕು, ಇತ್ತು.

ಆಮೇಲಿನ ಇಪ್ಪತ್ತೇಳು ವರ್ಷ ಹೌಸಾಬಾಯಿಗೆ ಒಂದು ದಿನದಂತೆ ನೆನಪಿದೆ. ಬೆಳಿಗ್ಗೆ ಪೇಚಿಯ ಮನೆಗೆ ಕೂತ ಹಡಗಿನ ಬಾಗಿಲಿನ ತೂತಿನಿಂದ ಇಡ್ಲಿಯ ಹಬೆ ಹೊರಬರುತ್ತಿತ್ತು. ಮೊದಲ ತಟ್ಟೆಯ ಎರಡು ಇಡ್ಲಿ ಗೋಡೆಯಾಚೆಯಿಂದ ಬರುತ್ತಿದ್ದವು, ಭಾಕ್ರಿ ಮತ್ತು ಮೆಣಸಿನಕಾಯಿಯ ಠೇಚಾ ಆ ಕಡೆ ಹೋಗುತ್ತಿತ್ತು. ಸೆಲ್ವಿ ಎರಡೂ ಮನೆಯಲ್ಲಿ ಉಂಡು ಎರಡೂ ಮನೆಯಲ್ಲಿ ಏಟು ತಿಂದು ಬೆಳೆದಳು. ಈಗ ನೆನೆದರೆ ಆ ದಿನಗಳಲ್ಲಿ ಕಕ್ಕಸಿಗೆ ಸಾಲು, ನೀರಿಗೆ ಜಗಳ, ಜ್ವರಕ್ಕೆ ಮದ್ದಿಲ್ಲ. ಒಳ್ಳೆಯ ದಿನಗಳೆನ್ನಲು ನಾಲಗೆ ಏಳುವುದಿಲ್ಲ. ಆದರೂ ಹೌಸಾಬಾಯಿಗೆ ಆ ದಿನಗಳೇ ಬೇಕು.

ಪೇಚಿಯ ಗಂಡನ ಮೂತ್ರಪಿಂಡ ಕೆಟ್ಟಿತು. ಒಂದು ಬೆಳಿಗ್ಗೆ ಪೇಚಿ ಯಾರಿಗೂ ಹೇಳದೆ ಮನೆಯನ್ನು ಇದ್ರಿಸ್ ಭಾಯಿಗೆ ಮಾರಿ ಸಾಮಾನು ಸಾಗಿಸುತ್ತಿದ್ದಳು. ಹೌಸಾಬಾಯಿ ನೀರು ತುಂಬಿಕೊಂಡು ಬಂದಾಗ ಕೈಗಾಡಿಯ ಮೇಲೆ ಬಾಗಿಲೂ ಇತ್ತು. ಇಷ್ಟು ವರ್ಷದ ಮೇಲೆ ಒಂದು ಮಾತು ಹೇಳಬಾರದಿತ್ತೇ ಎಂಬ ಸಂಕಟ ಅವಳ ಬಾಯಿಂದ ಬೇರೆಯೇ ರೂಪದಲ್ಲಿ ಹೊರಬಿತ್ತು. "ಒಯ್ಯಿ, ನನ್ನ ಬಾಗಲಾನೂ ಒಯ್ಯಿ. ಅದರ ಮ್ಯಾಲೇ ಮಲಗಿ ಸಾಯಿ" ಎಂದಳು. ಪೇಚಿ ತಿರುಗಿ ನೋಡಿದಳು. ಕೈಗಾಡಿ ಹೋಯಿತು. ಇದ್ರಿಸ್ ಭಾಯಿ ಆ ಜಾಗಕ್ಕೆ ಕಬ್ಬಿಣದ ಶಟರ್ ಹಾಕಿಸಿ ಹೊಲಿಗೆ ಯಂತ್ರ ತಂದಿಟ್ಟ.

ಈಗ ಸೊಸೆ ಶೇವಂತಾ ಮೂರು ದಿನ ಒಂದೇ ಸಮನೆ ಗೊಣಗಿದಳು. ಸಾಗುವಾನಿ ಕೊಟ್ಟು ಚಹಾ ಪೆಟ್ಟಿಗೆ ತಗೊಂಡವರು ಈ ಮುಂಬಯಿಯಲ್ಲಿ ನೀವೊಬ್ಬರೇ, ನಿಮ್ಮ ದಾನಧರ್ಮಕ್ಕೆ ನಾನು ಮಕ್ಕಳನ್ನು ಕಟ್ಟಿಕೊಂಡು ಪುಟ್‌ಪಾತಿಗೆ ಹೋಗಬೇಕು ಎಂದಳು. ಅತ್ತೆಯನ್ನು ಆಡಿಕೊಳ್ಳಲು ಅವಳಿಗೆ ಇಷ್ಟು ಗಟ್ಟಿ ಕಾರಣ ಹಿಂದೆಂದೂ ಸಿಕ್ಕಿರಲಿಲ್ಲ. ಹೌಸಾಬಾಯಿ ಸೈಕಲ್ಲಿನ ಮೇಲೆ ಪೋಂ ಪೋಂ ಎಂದು ಹಾರ್ನ್ ಹೊಡೆಯುತ್ತ ಬರುವ ಇಡ್ಲಿಯವನನ್ನು ಕಾದು ನಿಂತು ಪೇಚಿ ಎಲ್ಲಿದ್ದಾಳೆಂದು ಕೇಳಿದಳು. ತಿರುನೆಲ್ವೇಲಿಯವರ ಸುದ್ದಿ ಅವನಿಗೆ ಗೊತ್ತಿಲ್ಲದ್ದಿಲ್ಲ. ಪೇಚಿಯಮ್ಮಾಳ್ ತೀರಿಹೋಗಿ ಮೂರು ವರ್ಷವಾಯಿತು, ಮಗಳು ಅಂಬರನಾಥದಲ್ಲಿದ್ದಾಳೆ, ಇಡ್ಲಿ ಹಿಟ್ಟು ಮಾರುತ್ತಾಳೆ ಎಂದ.

ಹೌಸಾಬಾಯಿ ಅಲ್ಲೇ ಗಟಾರಿನ ಕಟ್ಟೆಯ ಮೇಲೆ ಕೂತಳು. ಪೇಚಿ ಎಲ್ಲೋ ಒಂದು ಕಡೆ ಬೈದುಕೊಂಡು ಬದುಕಿದ್ದಾಳೆ, ಒಂದು ದಿನ ಎದುರಾಗುತ್ತಾಳೆ, ಆಗ ಮೊದಲು ಯಾರು ಮಾತಾಡಬೇಕೆಂಬುದನ್ನು ನೋಡಿಕೊಂಡರಾಯಿತು ಎಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು.

ಶನಿವಾರ ಲೋಕಲ್ ಹಿಡಿದು ಅಂಬರನಾಥಕ್ಕೆ ಹೋದಳು. ಬಾಗಿಲು ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ದಾರಿಯುದ್ದಕ್ಕೂ ಅನಿಸಿತು. ಪೇಚಿ ಸತ್ತಾಗ ಹೋಗಿಲ್ಲ, ಈಗ ಹಲಗೆಗೋಸ್ಕರ ಹೋಗುತ್ತಿದ್ದೇನೆ. ಕಲ್ಯಾಣದಲ್ಲಿ ಇಳಿದು ವಾಪಸಾಗೋಣ ಎಂದೂ ಅನಿಸಿತು. ಮೊಮ್ಮಕ್ಕಳ ಮುಖ ನೆನಪಾಗಿ ಕೂತೇ ಇದ್ದಳು.

ಸೆಲ್ವಿ ಅವಳನ್ನು ಗುರುತಿಸಲು ಒಂದು ಗಳಿಗೆಯೂ ತಗೊಳ್ಳಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ತಬ್ಬಿಕೊಂಡು ಒಳಗೆ ಕರೆದಳು. ನಲವತ್ತೆರಡರ ಹೆಂಗಸು, ತಾಯಿಯದೇ ಅಗಲ ಹಣೆ. ಒಂದೇ ಕೋಣೆ. ಗೋಡೆಗೆ ಒತ್ತಿ ನಾಲ್ಕು ಸಿಮೆಂಟ್ ಇಟ್ಟಿಗೆಯ ಮೇಲೆ ಒಂದು ಮಂಚ, ಅದರ ಮೇಲೆ ಚಾಪೆ. "ಕೂತ್ಕೊಳ್ಳಿ ಮಾವಶಿ" ಎಂದಳು, ಚಿಕ್ಕಮ್ಮನನ್ನು ಕರೆಯುವ ಹಾಗೆ. ಹೌಸಾಬಾಯಿ ಕೂರಲು ಕೈಯೂರಿದಾಗ ಚಾಪೆಯ ಅಡಿಯಲ್ಲಿ ಬೆರಳು ಒಂದು ಗುಂಡು ತೂತಿಗೆ ಸಿಕ್ಕಿತು. ಅವಳು ಕೈ ತೆಗೆಯಲಿಲ್ಲ.

"ನಿಮ್ಮವ್ವ ಎಲ್ಲಿ ಮಲಗ್ತಿದ್ದಳು?" ಎಂದಳು. ಕೇಳಬೇಕೆಂದುಕೊಂಡದ್ದು ಅದಲ್ಲ.

"ಇದರ ಮೇಲೇ. ಹೋಗಿದ್ದೂ ಇದರ ಮೇಲೇ."

ಹೌಸಾಬಾಯಿ ತೂತಿನಿಂದ ಕೈ ತೆಗೆದಳು. ತಾನಾಡಿದ ಮಾತು ಹೀಗೆ ಅಕ್ಷರಕ್ಕಕ್ಷರ ನಡೆದುಹೋಗಿದೆ. ಹುಡುಗಿಗೆ ಗೊತ್ತಿದೆಯೋ ಇಲ್ಲವೋ, ಬಚ್ಚಿಟ್ಟುಕೊಂಡು ಕೂರುವುದು ಅವಳಿಂದಾಗಲಿಲ್ಲ. "ನಾನ ಅಂದಿದ್ದೆ ಸೆಲ್ವಿ. ಇದರ ಮ್ಯಾಲೆ ಸಾಯಿ ಅಂತ ನಾನ ಬೈದಿದ್ದೆ" ಎಂದಳು.

ಸೆಲ್ವಿ ನಕ್ಕಳು. "ಗೊತ್ತು ಬಿಡಿ. ಅಮ್ಮ ಊರಿಗೆಲ್ಲ ಹೇಳ್ತಿದ್ಲು. ಹೌಸಕ್ಕ ನಂಗೆ ವರ ಕೊಟ್ಟಿದ್ದಾಳೆ, ನಾನು ನಿಮ್ಮ ಥರ ನೆಲದ ಮೇಲೆ ಸಾಯಲ್ಲ, ಸಾಗುವಾನಿ ಮೇಲೆ ಸಾಯ್ತೀನಿ ಅಂತ. ಹೇಳದೆ ಹೊರಟಿದ್ದು ತನ್ನದೇ ತಪ್ಪು ಅಂತಿದ್ಲು. ಹೇಳಿದ್ರೆ ಹೌಸಕ್ಕ ಕಳಿಸ್ತಾನೇ ಇರ್ಲಿಲ್ಲ, ಅದಕ್ಕೇ ಹೇಳ್ಲಿಲ್ಲ ಅಂತ."

ಹೌಸಾಬಾಯಿ ಅತ್ತಳು. ತಡೆದುಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ಸೆಲ್ವಿ ಚಹಾ ಕಾಸಿ ಕೊಟ್ಟು ಪಕ್ಕದಲ್ಲಿ ಕೂತಳು. ಚಹಾ ಮುಗಿದ ಮೇಲೆ ಹೌಸಾಬಾಯಿ ಮೇಡಂ ಬಂದದ್ದು, ಪಾಸು, ಫೋಟೋ, ಬುಧವಾರ ಎಲ್ಲ ಹೇಳಿದಳು. ಆದರೆ ಆ ನಂಬರು ಈಗ ಎಲ್ಲಿ ಉಳಿದಿರುತ್ತದೆ, ಮಂಚಕ್ಕೆ ಬಣ್ಣ ಬಳಿದಿದ್ದೀರಲ್ಲ ಎಂದು ತಾನೇ ಕೈಚೆಲ್ಲಿದಳು.

ಸೆಲ್ವಿ ಎದ್ದು ಚಾಪೆ ಸುತ್ತಿದಳು. ತಲೆಯ ಕಡೆಗೆ, ಹೊಳೆಯುವ ಹಸಿರು ಬಣ್ಣದ ನಡುವೆ, ಒಂದು ಗೇಣಿನ ಚೌಕ. ಬರೀ ಮರ. ಅದರ ಮೇಲೆ ಕರಿ ಅಂಕಿ.

"ಪ್ರತಿ ಪೊಂಗಲ್ಲಿಗೂ ಬಣ್ಣ ಹೊಡೀವಾಗ ನಂಗೂ ಅಮ್ಮಂಗೂ ಜಗಳ" ಎಂದಳು ಸೆಲ್ವಿ. "ಇದು ಬಾಗಿಲಲ್ಲ, ಮಂಚ. ಈ ಚೌಕ ಯಾಕಮ್ಮ ಅಂತ ನಾನು. ಅದು ನಮ್ಮದಲ್ಲ ಕಣೇ, ಹೌಸಕ್ಕಂದು, ಒಂದಿನ ಕೇಳ್ಕೊಂಡು ಬರ್ತಾಳೆ ಅಂತ ಅವಳು. ಅವಳು ಹೋದ ಮೇಲೂ ನಂಗೆ ಬಳಿಯೋಕೆ ಮನಸ್ಸು ಬರ್ಲಿಲ್ಲ."

ಹೌಸಾಬಾಯಿ ಆ ಅಂಕಿಗಳ ಮೇಲೆ ಕೈಯಾಡಿಸಿದಳು. ಇದು ನಿನ್ನವ್ವನ ಮಂಚ, ಆ ಮನೆ ಖಾಲಿ ಮಾಡುವ ತನಕ ಮಾತ್ರ ಒಯ್ಯುತ್ತೇನೆ, ಆಮೇಲೆ ನಿನಗೇ ತಂದುಕೊಡುತ್ತೇನೆ ಎಂದಳು. ವಾಪಸು ಬೇಡವೆಂದು ಸೆಲ್ವಿ ಹೇಳಲಿಲ್ಲ. ಅವಳಿಗೆ ತಾಯಿಯದೆಂದು ಉಳಿದದ್ದು ಅದೊಂದೇ.

ಮಂಗಳವಾರ ನಾಮದೇವನ ಟೆಂಪೊದಲ್ಲಿ ಬಾಗಿಲು ಬಂತು, ಜೊತೆಗೆ ಸೆಲ್ವಿಯೂ ಬಂದಳು. ಬಾಗಿಲು ಚೌಕಟ್ಟಿಗೆ ಕೂರಲಿಲ್ಲ. ಗಲ್ಲಿಗೆ ವರ್ಷ ವರ್ಷವೂ ಸಿಮೆಂಟ್ ಸುರಿದು ಸುರಿದು ನೆಲ ಎತ್ತರವಾಗಿ ಮನೆ ಕುಳ್ಳಗಾಗಿತ್ತು. ಕೊಯ್ದು ಗಿಡ್ಡ ಮಾಡೋಣ ಎಂದು ಶೇವಂತಾ ಗರಗಸ ತಂದಳು. ಹೌಸಾಬಾಯಿ ಗರಗಸ ಕಸಿದುಕೊಂಡಳು. ಕೊನೆಗೆ ಹೊಸ್ತಿಲನ್ನೇ ನಾಲ್ಕು ಬೆರಳು ಒಡೆದು ಬಾಗಿಲು ನಿಲ್ಲಿಸಿದರು.

ಬುಧವಾರ ಮೇಡಂ ಬಂದು ಯಂತ್ರದಲ್ಲಿ ಹಳೆಯ ಫೋಟೋ ತೆಗೆದು ತೂತು ನೋಡಿದಳು, ಅಂಕಿ ನೋಡಿದಳು, ಹಲಗೆಯ ಗೆರೆಗಳನ್ನೂ ಬೆರಳಿಟ್ಟು ನೋಡಿದಳು. ಹೌಸಾಬಾಯಿಯನ್ನು ಫೋಟೋಕ್ಕೆ ನಿಲ್ಲಲು ಹೇಳಿದಾಗ ಅವಳು ಎಡಗಡೆಗೇ ನಿಂತಳು. ಬಲಗಡೆ ಯಾರೂ ನಿಲ್ಲುವುದಿಲ್ಲವೇ ಎಂದು ಮೇಡಂ ಕೇಳಿದಳು. ಅಲ್ಲಿ ನಮ್ಮವರು ನಿಂತಿದ್ದರು, ಹಾಗೇ ಇರಲಿ ಎಂದಳು ಹೌಸಾಬಾಯಿ. ಮೇಡಂ ಯಂತ್ರದಲ್ಲಿ ಗುರುತು ಒತ್ತಿದಳು. ಏಳನೇ ಮಾಳಿಗೆಯ ಒಂದು ಖೋಲಿ ಹೌಸಾಬಾಯಿಯ ಹೆಸರಿಗಾಯಿತು. ಶೇವಂತಾ ಆ ದಿನ ಅತ್ತೆಗೆ ಕೇಳದೆಯೇ ಎರಡು ಸಲ ಚಹಾ ಮಾಡಿಕೊಟ್ಟಳು.

ಎರಡು ತಿಂಗಳ ಮೇಲೆ ಮನೆ ಖಾಲಿ ಮಾಡುವ ದಿನ ಬಂತು. ಕಟ್ಟಡ ಏಳುವ ತನಕ ಹಳಿಯ ಆಚೆಯ ಷೆಡ್ಡುಗಳಲ್ಲಿ ವಾಸ. ಸಾಮಾನೆಲ್ಲ ಹೋಗಿತ್ತು. ಗಲ್ಲಿಯ ಮೂಲೆಯಲ್ಲಿ ಹಳದಿ ಯಂತ್ರದ ಗುಡುಗು ಕೇಳಿದ್ದೇ ತಡ, ಹೌಸಾಬಾಯಿ ಯೋಚನೆ ಮಾಡದೆ ಬಾಗಿಲಿಗೆ ಕೈ ಹಾಕಿ ತಿರುಗಣಿಯ ಕಡ್ಡಿಗಳನ್ನು ಎಳೆದಳು. ಜನ ನಕ್ಕರು. ಎಲ್ಲಿಗೆ ಓಡ್ತೀಯಾ ಆಜಿ, ಈಗ ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಏಳನೇ ಮಾಳಿಗೆಯಲ್ಲಿ ಹೊಸ ಬಾಗಿಲೇ ಕೊಡುತ್ತಾರೆ ಎಂದ ಇದ್ರಿಸ್ ಭಾಯಿ.

ಸೆಲ್ವಿ ಬಂದಿದ್ದಳು, ಮಾತಿನಂತೆ ಮಂಚ ವಾಪಸು ಒಯ್ಯಲು. ಗೋಡೆಗೆ ಒರಗಿಸಿಟ್ಟ ಚಹಾ ಪೆಟ್ಟಿಗೆಯ ಬಾಗಿಲನ್ನು ತೋರಿಸಿ, ಇದನ್ನು ಸುಡಲು ಕೊಡುತ್ತೀರಾ ಎಂದು ಕೇಳಿದಳು.

"ಸುಡೋದ್ಯಾಕ. ಅದು ನಿಮ್ಮವ್ವಂದು" ಎಂದಳು ಹೌಸಾಬಾಯಿ. "ಅದು ನನ್ನ ಜೋಡಿ ಏಳನೇ ಮಾಳಗಿಗೆ ಬರತೈತಿ. ಅದರ ಮ್ಯಾಲೆ ನಾ ಮಲಗ್ತೀನಿ."

ಮೊದಲು ಸೆಲ್ವಿಯದು, ಆಮೇಲೆ ತನ್ನದು ಎಂದು ಲೆಕ್ಕವಾಯಿತು. ಟೆಂಪೊ ಹಳಿಯ ಆಚೆ ನಿಂತಿತ್ತು. ಮುಂದೆ ಹೌಸಾಬಾಯಿ, ಹಿಂದೆ ಸೆಲ್ವಿ, ನಡುವೆ ಹಡಗಿನ ಬಾಗಿಲು. ಗಲ್ಲಿಯಲ್ಲಿ ಈಗ ಕಲ್ಲಿರಲಿಲ್ಲ, ಗಟಾರಿಗೆ ಎಂದೋ ಚಪ್ಪಡಿ ಮುಚ್ಚಿದ್ದರು, ಹಳಿಯ ಮೇಲೆ ಸೇತುವೆಯೂ ಬಂದಿತ್ತು. ಆದರೂ ಹೌಸಾಬಾಯಿ ಆಯಾ ಜಾಗ ಬಂದಾಗ ಕೂಗುತ್ತ ನಡೆದಳು. ಕಲ್ಲು ಎಂದಳು. ಗಟಾರು ಎಂದಳು. ಹಳಿ ಎಂದಳು.

ಹಿಂದಿನಿಂದ ಪ್ರತಿ ಸಲವೂ ಹೂಂ ಬಂತು.